ತಿರುವಿನ ಮೊದಲ ಕಲ್ಲು

ಆ ಊರಿನ ಹೆಸರು ಕೇಳಬೇಡಿ. ಹೆಸರುಗಳನ್ನು ಸುಮ್ಮಸುಮ್ಮನೆ ಬಾಯಿಗೆ ತರುವ ಊರಲ್ಲ ಅದು. ಎದುರಿಗೆ ಕಡಲು, ಬೆನ್ನಿಗೆ ಗುಡ್ಡ, ಗುಡ್ಡದ ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ ಒಂದು ಕಾಲುದಾರಿ. ದಾರಿ ಊರಲ್ಲಿ ಹುಟ್ಟುತ್ತದೆ, ಕಡಲನ್ನು ಕೆಳಗಿಟ್ಟುಕೊಂಡು ನಡೆಯುತ್ತದೆ, ನೆಲ ಮುಗಿಯುವ ಮೂಲೆಯಲ್ಲಿ ದೀಪದ ಗುಡಿಯ ಮುಂದೆ ನಿಲ್ಲುತ್ತದೆ. ಅಷ್ಟು ಚೆಂದದ ದಾರಿ ಇನ್ನೊಂದಿಲ್ಲ ಎಂದು ನೋಡಿದವರೆಲ್ಲ ಹೊಗಳುತ್ತಾರೆ. ಹೊಗಳುವವರಿಗೇನು, ಅವರು ಕಲ್ಲು ಹೊತ್ತವರಲ್ಲ.

ದಾರಿಯಲ್ಲಿ ಪ್ರತಿ ಮನೆಗೂ ಒಂದು ಪಾಲಿತ್ತು. ಬಡಗಿಯ ಮನೆಗೆ ಹೊನ್ನೆಮರದ ನೆರಳಿನ ಪಾಲು, ಕುಂಬಾರ್ತಿಯ ಮನೆಗೆ ಕೇದಗೆ ಪೊದೆಗಳ ಪಾಲು, ಸುಣ್ಣ ಸುಡುವವರ ಮನೆಗೆ ಬಿಳಿ ಚಿಪ್ಪು ಹಾಸಿದ ಇಳಿಜಾರು. ನಿಮ್ಮ ಪಾಲು ಮುರಿದರೆ ನೀವೇ ಕಟ್ಟಬೇಕು. ದಾರಿಯಲ್ಲಿ ಎದುರಾದವರು "ದಾರಿ ಕೂಡಲಿ" ಅನ್ನಬೇಕು, ನೀವು "ಕಾಲು ನಡೆಯಲಿ" ಅನ್ನಬೇಕು. ಜಗಳ ಆಡಿ ಮಾತು ಬಿಟ್ಟವರೂ ಇಷ್ಟನ್ನು ಹೇಳಲೇಬೇಕು.

ಒಂದು ಪಾಲು ಮಾತ್ರ ಎರಡು ಮನೆಗೆ ಸೇರಿತ್ತು. ಗುಡ್ಡ ಮೂಗು ಮುಂದೆ ಚಾಚಿ ಕಡಲನ್ನು ಇಣುಕಿ ನೋಡುವ ಕಡೆ ದಾರಿ ಒಮ್ಮೆಲೇ ಹೊರಳುತ್ತದೆ. ಅದು ತಿರುವು. ಅದು ಬಲೆ ಹೆಣೆಯುವವಳ ಮನೆಗೂ ಉಪ್ಪು ಬೆಳೆಯುವ ಮುದುಕನ ಮನೆಗೂ ಕೂಡುಪಾಲು. ಹಾಗಾಗಿ ಮಳೆಗಾಲದಲ್ಲಿ ದೀಪ ಕಾಯಲು ಆ ಎರಡು ಮನೆಯಿಂದಲೇ ಒಬ್ಬೊಬ್ಬರು ಹೋಗಬೇಕು. ಆ ವರ್ಷ ಬಲೆಯವಳ ಮನೆಯಿಂದ ಮಗಳು ಹೋದಳು, ಉಪ್ಪಿನವನ ಮನೆಯಿಂದ ಮಗ ಹೋದ. ಬಲೆಯವಳಿಗೆ ಇದ್ದವಳು ಆ ಮಗಳೊಬ್ಬಳು, ಮುದುಕನಿಗೆ ಇದ್ದವನು ಆ ಮಗನೊಬ್ಬ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ದೀಪದ ಕಾವಲು ಮುಗಿದು, ತಂದಿದ್ದ ಅಕ್ಕಿಯೂ ಮುಗಿಯುತ್ತ ಬಂದು, ಇಬ್ಬರೂ ಊರಿಗೆ ಹೊರಟ ದಿನವೇ ಕಡಲು ಎದ್ದಿತು. ಅಂಥ ಗಾಳಿಯನ್ನು ಊರು ಕಂಡಿರಲಿಲ್ಲ. ದಡದಲ್ಲಿ ದೋಣಿ ಎಳೆದು ಕಟ್ಟುತ್ತಿದ್ದ ಮೀನುಗಾರನೊಬ್ಬ ತಲೆ ಎತ್ತಿ ನೋಡಿದ. ಮಳೆಗೆ ಕಂಬಳಿಕೊಪ್ಪೆ ಹೊದ್ದ ಎರಡು ಆಕೃತಿಗಳು ತಿರುವಿಗೆ ಬಂದವು. ತಿರುವು ಜರಿಯಿತು. ಒಂದು ಕೊಪ್ಪೆ ಕಲ್ಲುಗಳ ಜೊತೆ ಕೆಳಗೆ ಹೋಯಿತು. ಇನ್ನೊಂದು ಕೊಪ್ಪೆ ಅಂಚಿನಲ್ಲಿ ಕೂತಿತ್ತು, ಆಮೇಲೆ ಎದ್ದು ದೀಪದ ಕಡೆಗೆ ತಿರುಗಿ ಹೋಯಿತು.

"ಯಾರು ಹೋದದ್ದು? ಯಾರು ಉಳಿದದ್ದು?" ಎಂದು ಊರು ಕೇಳಿತು.

"ಕೊಪ್ಪೆ ಹೊದ್ದ ಮೇಲೆ ಗಂಡೆಂತ, ಹೆಣ್ಣೆಂತ?" ಎಂದು ಮೀನುಗಾರ ತಲೆ ಚಚ್ಚಿಕೊಂಡು ಅತ್ತ. "ನನ್ನ ಕಣ್ಣು ಕೀಳಿ ಬೇಕಾದ್ರೆ. ನಂಗೆ ಗೊತ್ತಿಲ್ಲ."

ಗಾಳಿ ನಿಂತ ಬೆಳಿಗ್ಗೆ, ಗುಡ್ಡದ ಆಚೆ, ನೆಲ ಮುಗಿಯುವ ಮೂಲೆಯಿಂದ ಒಂದು ಎಳೆ ಹೊಗೆ ಎದ್ದಿತು. ಒಂದೇ ಒಂದು ಒಲೆಯ ಹೊಗೆ. ಯಾರೋ ಬದುಕಿದ್ದರು.

ದೋಣಿ ಕಳಿಸಬಾರದಿತ್ತೇ ಎಂದು ನೀವು ಕೇಳುತ್ತೀರಿ. ಆ ಮೂಲೆಯ ಬಂಡೆಗಳಿಗೆ ಹಲ್ಲಿವೆ, ಅಲ್ಲಿಗೆ ಹೋದ ದೋಣಿಯ ಹಲಗೆ ಕೂಡ ತಿರುಗಿ ಬಂದಿಲ್ಲ. ಕೂಗಬಾರದಿತ್ತೇ ಎನ್ನುತ್ತೀರಿ. ಕೂಗಿದರು, ಗಂಟಲು ಹರಿಯುವ ತನಕ ಕೂಗಿದರು. ಕಡಲಿನ ಮೊರೆತ ಎಲ್ಲವನ್ನೂ ನುಂಗಿತು. ಅಲ್ಲಿದ್ದವರು ತಿರುವಿನ ಆಚೆಯಂಚಿಗೆ ಮತ್ತೆ ಬರಲೂ ಇಲ್ಲ, ಪೆಟ್ಟಾಗಿತ್ತೋ, ಹೆದರಿದ್ದರೋ. ಇದ್ದದ್ದು ಒಂದೇ ದಾರಿ, ಅದನ್ನು ಕಟ್ಟಬೇಕಿತ್ತು.

ಕಟ್ಟುವುದಕ್ಕೆ ಒಂದು ಕಟ್ಟಳೆ ಇತ್ತು. ದಾರಿ ಜೀವ ತೆಗೆದುಕೊಂಡ ಕಡೆ, ಹೋದವರ ಹೆಸರು ಹೇಳಿ ಮೊದಲ ಕಲ್ಲು ಇಡಬೇಕು. ಹೆಸರು ನಿಜವಾದರೆ ಕಲ್ಲು ನಿಲ್ಲುತ್ತದೆ. ಸುಳ್ಳಾದರೆ ಉರುಳಿ ಕಡಲಿಗೆ ಬೀಳುತ್ತದೆ. ಮೊದಲ ಕಲ್ಲು ನಿಂತರೆ ಅದರ ಪಕ್ಕದ್ದು ನಿಲ್ಲುತ್ತದೆ, ಊರೆಲ್ಲ ಕೈ ಕೂಡಿಸಬಹುದು. ಅದು ನಿಲ್ಲದಿದ್ದರೆ ಗುಡ್ಡವನ್ನೇ ಕಡಿದು ಸುರಿದರೂ ಕಡಲು ತಿಂದುಹಾಕುತ್ತದೆ.

ಹಾಗಿದ್ದರೆ ಒಂದೊಂದೇ ಹೆಸರು ಹೇಳಿ ನೋಡಿದರಾಯಿತಲ್ಲ? ಅಷ್ಟು ಸುಲಭವಾಗಿದ್ದರೆ ನಾನೇಕೆ ಈ ಕಥೆ ಹೇಳುತ್ತಿದ್ದೆ? ಬದುಕಿರುವ ಮಗುವಿನ ಹೆಸರನ್ನು ಹೆತ್ತವರು ಕಲ್ಲಿಗೆ ಹೇಳಿದರೆ, ಆ ಮಗು ಬದುಕಿ ಬರುತ್ತದೆ, ಆದರೆ ಹೆತ್ತವರ ಗುರುತು ಅದಕ್ಕೆ ಉಳಿಯುವುದಿಲ್ಲ. ಹಿಂದೊಮ್ಮೆ ಹಾಗಾಗಿತ್ತಂತೆ. ಸುಣ್ಣದವರ ಮನೆಯ ಮುತ್ತಜ್ಜ ತಾಯಿಯ ಬಾಗಿಲ ಮುಂದೆಯೇ ಬದುಕಿಡೀ ಓಡಾಡಿದನಂತೆ. ಅವಳು ಹೊಸ್ತಿಲಲ್ಲಿ ನಿಂತಿರುತ್ತಿದ್ದಳಂತೆ. ಅವನು "ದಾರಿ ಕೂಡಲಿ" ಎಂದು ಹೇಳಿ ಪರರ ಹಾಗೆ ದಾಟಿ ಹೋಗುತ್ತಿದ್ದನಂತೆ. ಇನ್ನು ಪರರ ಮಗುವಿನ ಹೆಸರನ್ನು ಕಲ್ಲಿಗೆ ಹೇಳುವುದು ಆ ಊರಲ್ಲಿ ಕೊಲೆಗಿಂತ ದೊಡ್ಡ ಪಾಪ. ಹಾಗೆ ಹೇಳಿದವರಿಗೆ ಯಾರೂ ನೀರು ಕೊಡುವ ಹಾಗಿಲ್ಲ.

ಹೀಗೆ ತಿರುವು ಬಾಯಿ ತೆರೆದುಕೊಂಡು ಬಿದ್ದಿತ್ತು.

ಬಲೆಯವಳು ಪ್ರತಿ ಬೆಳಿಗ್ಗೆ ಎದ್ದವಳೇ ಹಿತ್ತಿಲಿಗೆ ಹೋಗಿ ಹೊಗೆ ನೋಡುತ್ತಿದ್ದಳು. ಹೊಗೆಯ ಜೊತೆ ಮಾತಾಡುತ್ತಿದ್ದಳು.

"ಎದ್ಯಾ ಮಗಾ? ಸೌದೆ ಒದ್ದೆ ಅಲ್ವಾ? ಗುಡಿಯ ಹಿಂದೆ ಒಣ ಸೋಗೆ ಉಂಟು ನೋಡು. ಹಸಿವಾದ್ರೆ ಕಲ್ಲಿನ ಚಿಪ್ಪು ಕೆತ್ತಿ ತಿನ್ನು. ಹಸಿ ತಿನ್ಬೇಡ ಆಯ್ತಾ?"

ಆಮೇಲೆ ದಾರಿ ಹಿಡಿದು ನಡೆಯುತ್ತಿದ್ದಳು. ಒಂದೊಂದು ದಿನವೂ ದಾರಿ ಒಂದಿಷ್ಟು ವಾಸಿಯಾಗುತ್ತಿತ್ತು. ಬಡಗಿ ಬಿದ್ದ ಹೊನ್ನೆಮರವನ್ನೇ ಸೀಳಿ ಮೆಟ್ಟಿಲು ಮಾಡಿದ್ದ. ಕುಂಬಾರ್ತಿ ಒಡೆದ ಹಂಚಿನ ಚೂರುಗಳನ್ನು ಕೆಸರಿಗೆ ಬಡಿದು ಕೂರಿಸಿದ್ದಳು. ಮುರಿದ ಕೇದಗೆಯ ಬುಡದಲ್ಲಿ ಹೊಸ ಮುಳ್ಳೆಲೆ ಚಿಗುರಿತ್ತು, ಮರಳ ಬಳ್ಳಿ ನೇರಳೆ ಹೂ ಬಿಟ್ಟು ಗಾಯಗಳ ಮೇಲೆಲ್ಲ ಹರಡುತ್ತಿತ್ತು. ಕೆಳಗೆ ಕಡಲು ತಾನೇನೂ ಮಾಡಿಲ್ಲವೆಂಬಂತೆ ಹಸಿರಾಗಿ ಹೊಳೆಯುತ್ತಿತ್ತು. ಬಲೆಯವಳಿಗೆ ಆ ಚೆಲುವು ಕಂಡರೆ ಮೈ ಉರಿಯುತ್ತಿತ್ತು. ಎಲ್ಲರ ಪಾಲೂ ಕೂಡುತ್ತಿತ್ತು, ಅವಳದ್ದೊಂದು ಬಿಟ್ಟು.

"ದಾರಿ ಕೂಡಲಿ" ಎನ್ನುತ್ತಿದ್ದರು ಕಲ್ಲು ಹಾಸುವವರು.

"ಕಾಲು ನಡೆಯಲಿ" ಎನ್ನುತ್ತಿದ್ದಳು ಅವಳು, ಹಲ್ಲು ಕಚ್ಚಿ.

ತಿರುವಿಗೆ ಬಂದರೆ ಅಲ್ಲಿ ಉಪ್ಪಿನ ಮುದುಕ ಮೊದಲೇ ಕೂತಿರುತ್ತಿದ್ದ. ಇಬ್ಬರ ಮುಂದೆ ಕಡಿದು ಬಿದ್ದ ಕೆಂಪು ನೆಲ, ಕೆಳಗೆ ನೊರೆ. ಪಕ್ಕದಲ್ಲಿ ಊರವರು ತಂದು ಪೇರಿಸಿದ ಕಲ್ಲುಗಳು.

"ನೋಡು, ಹೊಗೆ ಹೇಗೆ ನೆಟ್ಟಗೆ ಎದ್ದಿದೆ" ಎನ್ನುತ್ತಿದ್ದ ಮುದುಕ. "ನನ್ನ ಮಗ ಒಲೆ ಹೂಡಿದ್ರೆ ಹಾಗೇ. ಪುಳ್ಳೆ ಒಟ್ಟೋದು ನಾನೇ ಕಲಿಸಿದ್ದು."

"ಸುಮ್ನಿರು ಮಾರಾಯ. ಗಂಡುಮಕ್ಕಳು ಒಲೆ ಹೂಡಿದ್ರೆ ಊರಿಡೀ ಹೊಗೆ. ಅದು ನನ್ನ ಮಗಳ ಕೈ."

"ಅಷ್ಟು ಧೈರ್ಯ ಇದ್ರೆ ನಿನ್ನ ಮಗಳ ಹೆಸರು ಹೇಳಿ ಕಲ್ಲು ಇಡು. ಉರುಳ್ತದಲ್ಲ, ಬದುಕಿದ್ದಾಳೆ ಅಂತ ಗೊತ್ತಾಗ್ತದೆ."

"ಅವಳು ಬಂದು ನನ್ನನ್ನೇ ಯಾರು ಅಂತ ಕೇಳ್ಲಿಕ್ಕಾ? ನೀನಿಡು ನಿನ್ನ ಮಗನ ಹೆಸರು."

"ಇಡ್ತೇನೆ, ಇಡ್ತೇನೆ. ನೀನು ಇಟ್ಟ ಮೇಲೆ."

ಬಿಸಿಲೇರಿದ ಮೇಲೆ ಎದ್ದು, ಒಬ್ಬರ ಹಿಂದೆ ಒಬ್ಬರು, ನಡುವೆ ಇಷ್ಟು ಅಂತರ ಬಿಟ್ಟು, ಊರಿಗೆ ಇಳಿಯುತ್ತಿದ್ದರು. ಕೆಟ್ಟವರಲ್ಲ ಅವರು. ಎರಡು ತಟ್ಟೆಗೆ ಒಂದೇ ತುತ್ತು ಇದ್ದಾಗ ಒಳ್ಳೆಯವರು ಹೇಗೆ ಇರುತ್ತಾರೋ ಹಾಗೆ ಇದ್ದರು.

ದಾರಿಯ ಕಟ್ಟಳೆ ನೋಡಿಕೊಳ್ಳುವ ಅಜ್ಜಿಯೊಬ್ಬಳಿದ್ದಳು. ಊರು ಅವಳನ್ನು ದಾರಿಯಜ್ಜಿ ಎಂದು ಕರೆಯುತ್ತಿತ್ತು. ಅವಳು ಒಂದು ದಿನ ಬಲೆಯವಳ ಅಂಗಳಕ್ಕೆ ಬಂದು ನಿಂತಳು.

"ಹೊಗೆ ಸಣ್ಣ ಆಗ್ತಾ ಉಂಟು, ಕಂಡ್ಯಾ?"

"ಗಾಳಿ ಜೋರುಂಟು, ಅದಕ್ಕೆ."

"ಗಾಳಿ ಅಲ್ಲ ಮಗಳೇ. ಒಲೆ ಮುಂದೆ ಕೂತವರ ಕೈಯಲ್ಲಿ ತ್ರಾಣ ಇಲ್ಲ. ನೀವಿಬ್ರೂ ನನ್ನ ಮಗು ನನ್ನ ಮಗು ಅಂತ ಕೂತ್ರೆ ಅಲ್ಲಿರೋದು ಯಾರ ಮಗುವೂ ಆಗೋದಿಲ್ಲ, ಹೆಣ ಆಗ್ತದೆ."

ಅಜ್ಜಿಯ ಮಾತು ಯಾವಾಗಲೂ ಹಾಗೆಯೇ, ಕಡ್ಡಿ ಮುರಿದ ಹಾಗೆ. ಅವಳು ಹೋದ ಮೇಲೆ ಬಲೆಯವಳು ಹಿತ್ತಿಲಿಗೆ ಹೋಗಿ ನೋಡಿದಳು. ಹೊಗೆ ನೂಲಿನಷ್ಟು ತೆಳ್ಳಗಿತ್ತು. ನಡುನಡುವೆ ಕಡಿದು ಹೋಗುತ್ತಿತ್ತು.

ಆವತ್ತು ಮಧ್ಯಾಹ್ನ, ಊರು ಉಂಡು ಮಲಗಿದ ಹೊತ್ತಿನಲ್ಲಿ, ಅವಳು ಒಬ್ಬಳೇ ದಾರಿ ಹಿಡಿದಳು. ಮೆಟ್ಟಿಲು ದಾಟಿದಳು, ಹಂಚಿನ ಚೂರು ದಾಟಿದಳು, ಬಿಳಿ ಚಿಪ್ಪು ದಾಟಿದಳು. ಎದುರು ಯಾರೂ ಇರಲಿಲ್ಲ. ಯಾರೂ ದಾರಿ ಕೂಡಲಿ ಅನ್ನಲಿಲ್ಲ. ತಿರುವಿನಲ್ಲಿ ಮುದುಕ ಇರಲಿಲ್ಲ. ಅವಳು ಪೇರಿಸಿದ ರಾಶಿಯಿಂದ ಒಂದು ಕಲ್ಲು ಆರಿಸಿ, ಎದೆಗೆ ಒತ್ತಿ ಎತ್ತಿ, ಕಡಿದ ಅಂಚಿನಲ್ಲಿ ಇಟ್ಟಳು. ಇಟ್ಟು ಮುದುಕನ ಮಗನ ಹೆಸರು ಹೇಳಿದಳು.

ಆ ಹೆಸರನ್ನು ನಾನು ಹೇಳುವುದಿಲ್ಲ. ಅವಳು ಮಾಡಿದ ಪಾಪದಲ್ಲಿ ನನಗೆ ಪಾಲು ಬೇಡ.

ಕಲ್ಲು ಒಂದು ಗಳಿಗೆ ಕೂತಿತು. ಅವಳ ಎದೆಯಲ್ಲಿ ಬೆಳಕು ಹತ್ತಿಕೊಂಡಿತು, ಬಾಯಲ್ಲಿ ನಗು ಬಂತು. ಇನ್ನೊಬ್ಬನ ಮಗ ಸತ್ತ ಎಂದು ಬಂದ ನಗು ಅದು. ಅದನ್ನು ಅವಳೇ ಆಮೇಲೆ ನೆನೆದು ನಡುಗಿದಳು. ಕಲ್ಲು ಅಲುಗಿತು, ಹೊರಳಿತು, ಕೆಳಗೆ ಹೋಯಿತು.

ಸರಿಯಾಗಿ ಇಡಲಿಲ್ಲ ಎಂದುಕೊಂಡು ಅವಳು ಚಪ್ಪಟೆ ಕಲ್ಲು ಹುಡುಕಿದಳು, ಮಣ್ಣು ಕೆರೆದು ಗುಳಿ ಮಾಡಿದಳು, ಕಲ್ಲಿಟ್ಟು ಮತ್ತೆ ಹೆಸರು ಹೇಳಿದಳು. ಉರುಳಿತು. ಇನ್ನೊಂದು ತಂದಳು. ಉಗುರು ಕಿತ್ತು ರಕ್ತ ಬಂತು. ಆ ಹೆಸರನ್ನು ಮೆತ್ತಗೆ ಹೇಳಿದಳು, ಕೂಗಿ ಹೇಳಿದಳು, ಬೇಡಿಕೊಂಡು ಹೇಳಿದಳು. ಪ್ರತಿ ಸಲವೂ ಕಲ್ಲು ಉರುಳಿತು. ಬೇಡ ಎಂದು ತಲೆ ಅಲ್ಲಾಡಿಸುವ ಮನುಷ್ಯರ ಹಾಗೆ, ಅವಸರವಿಲ್ಲದೆ ಉರುಳಿತು.

ಮುದುಕನ ಮಗ ಬದುಕಿದ್ದ.

ಅವಳು ಹೇಗೆ ಮನೆಗೆ ಬಂದಳೋ ಅವಳಿಗೂ ತಿಳಿಯದು. ಬಂದವಳು ಒಲೆ ಹಚ್ಚಲಿಲ್ಲ, ಬಲೆ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ನಿಂತು ಹೊಗೆಯನ್ನು ನೋಡಿದಳು. ಅಷ್ಟು ದಿನ ಎದ್ಯಾ ಮಗಾ ಎಂದು ಕೇಳಿದ್ದು ಯಾರನ್ನೋ. ಒಣ ಸೋಗೆ ಎಲ್ಲುಂಟೆಂದು ಹೇಳಿಕೊಟ್ಟದ್ದು ಯಾರಿಗೋ. ಅವಳಿಗೆ ಆ ಹೊಗೆಯ ಮೇಲೆ ಎಂಥ ದ್ವೇಷ ಹುಟ್ಟಿತೆಂದರೆ, ಕೈಗೆ ಸಿಕ್ಕಿದ್ದರೆ ಹಿಸುಕಿ ಆರಿಸಿಬಿಡುತ್ತಿದ್ದಳು.

ನಿಜ ಗೊತ್ತಿದ್ದದ್ದು ಅವಳಿಗೊಬ್ಬಳಿಗೆ. ಅವಳು ಬಾಯಿ ಬಿಡದಿದ್ದರೆ ಹೊಗೆ ಇನ್ನೂ ಅವಳ ಮಗಳದ್ದಾಗಿ ಉಳಿಯುತ್ತಿತ್ತು. ಊರವರು ಅವಳನ್ನು ಕಂಡು "ಹೊಗೆ ಎದ್ದಿದೆ, ಚಿಂತೆ ಮಾಡ್ಬೇಡ" ಎನ್ನುತ್ತಿದ್ದರು. ಆ ಮಾತು ಅವಳಿಗೆ ಬೇಕಿತ್ತು. ನನ್ನನ್ನು ಅವ್ವಾ ಎನ್ನುವವಳು ಇಲ್ಲವಾದ ಮೇಲೆ ಅವನನ್ನು ಅಪ್ಪಾ ಎನ್ನುವವನು ಏಕೆ ಬರಬೇಕು, ಎಂದೂ ಅಂದುಕೊಂಡಳು. ಅಂದುಕೊಂಡು ನಾಚಲಿಲ್ಲ. ಹೊಗೆ ಮಾತ್ರ ದಿನದಿಂದ ದಿನಕ್ಕೆ ತಡವಾಗಿ ಏಳುತ್ತಿತ್ತು, ಬೇಗ ಆರುತ್ತಿತ್ತು.

ಒಂದು ಸಂಜೆ ಉಪ್ಪಿನ ಮುದುಕನೇ ಅವಳ ಬಾಗಿಲಿಗೆ ಬಂದ. ಎಂದೂ ಬಂದವನಲ್ಲ. ಹೊಸ್ತಿಲಾಚೆಯೇ ಕುಕ್ಕರಗಾಲಲ್ಲಿ ಕೂತ.

"ನಾಳೆ ಬೆಳಿಗ್ಗೆ ನಾನು ಹೇಳ್ತೇನೆ" ಎಂದ.

"ಎಂತ ಹೇಳ್ತೀ?"

"ನನ್ನ ಮಗನ ಹೆಸರು. ಇವತ್ತು ಹೊಗೆ ಎದ್ದದ್ದು ಮಧ್ಯಾಹ್ನ ದಾಟಿದ ಮೇಲೆ. ಇನ್ನು ಕಾಯ್ಲಿಕ್ಕೆ ಆಗೋದಿಲ್ಲ ಮಾರಾಯ್ತಿ. ಕಲ್ಲು ನಿಂತ್ರೆ ನಿನ್ನ ಮಗಳು ಬರ್ತಾಳೆ. ಉರುಳಿದ್ರೆ ನನ್ನ ಮಗ ಬದುಕಿದ್ದಾನೆ. ನನ್ನ ಗುರುತು ಇಲ್ದಿದ್ರೆ ಹೋಗ್ಲಿ. ದೂರದಿಂದ ನೋಡ್ತಾ ಇರ್ತೇನೆ. ಆಮೇಲೆ ನೀನು ನಿನ್ನ ಮಗಳ ಹೆಸರು ಹೇಳ್ಬೇಕಾಗ್ತದೆ. ಅದಕ್ಕೇ ಮೊದ್ಲೇ ಹೇಳಿ ಹೋಗುವ ಅಂತ ಬಂದೆ."

ಅವನು ಮೊಣಕಾಲಿನ ಮೇಲೆ ಕೈಯೂರಿ ಎದ್ದ. ಉಪ್ಪು ಕಡಿದು ಬಿರಿದ ಅವನ ಪಾದಗಳನ್ನು ಅವಳು ನೋಡಿದಳು. ಅವನು ಅಂಗಳ ದಾಟುವವರೆಗೂ ಮಾತು ಅವಳ ನಾಲಗೆಯ ತುದಿಗೆ ಬಂದು ಬಂದು ಒಳಗೆ ಹೋಯಿತು.

ಬೆಳಿಗ್ಗೆ ಊರೆಲ್ಲ ತಿರುವಿನಲ್ಲಿ ಕೂಡಿತು. ಆವತ್ತು ಹೊಗೆ ಎದ್ದಿರಲಿಲ್ಲ. ಎಲ್ಲರೂ ಗುಡ್ಡದ ನೆತ್ತಿಯನ್ನು ನೋಡುತ್ತಿದ್ದರು, ಮತ್ತೆ ನೆಲ ನೋಡುತ್ತಿದ್ದರು. ದಾರಿಯಜ್ಜಿ ಅಂಚಿನಲ್ಲಿ ನಿಂತಿದ್ದಳು. ಉಪ್ಪಿನ ಮುದುಕ ಕಲ್ಲು ಆರಿಸಿದ, ಎತ್ತಲಾರದೆ ಎತ್ತಿದ, ಇಟ್ಟ. ಇಟ್ಟು ಅದರ ಮೇಲೆ ಎರಡೂ ಕೈ ಊರಿ ಉಸಿರೆಳೆದುಕೊಂಡ. ತುಟಿ ತೆರೆದ.

ಬಲೆಯವಳು ಜನರನ್ನು ತಳ್ಳಿಕೊಂಡು ಬಂದು ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

"ಹೇಳ್ಬೇಡ. ಅವನು ಬದುಕಿದ್ದಾನೆ. ಅವನಿಗೆ ಅಪ್ಪ ಬೇಕು."

ಮುದುಕ ಅವಳ ಕೈ ಸರಿಸಿದ. "ನಿಂಗೆ ಹೇಗೆ ಗೊತ್ತು?"

"ನಾನು ಹೇಳಿ ನೋಡಿದೆ. ನಿನ್ನ ಮಗನ ಹೆಸರು ಹೇಳಿ ಇಲ್ಲೇ ಕಲ್ಲು ಇಟ್ಟೆ. ಒಂದಲ್ಲ, ಸಾಕಾಗುವಷ್ಟು ಇಟ್ಟೆ. ಒಂದೂ ನಿಲ್ಲಲಿಲ್ಲ."

ಅವಳಿಗೆ ಹತ್ತಿರ ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ದಾರಿಯಜ್ಜಿಯ ಮುಖ ಕಲ್ಲಾಯಿತು.

"ಯಾವತ್ತು?"

"ಕೆಲವು ದಿನ ಆಯ್ತು."

"ಗೊತ್ತಿದ್ದೂ ಬಾಯಿ ಮುಚ್ಚಿ ಕೂತ್ಯಾ? ಅವನು ಅಲ್ಲಿ ಹಸಿದು ಬಿದ್ದಿರುವಾಗ?"

"ಕೂತೆ" ಎಂದಳು ಬಲೆಯವಳು. "ಹೊಗೆ ನನ್ನದೂ ಅಂತ ಊರು ಅನ್ಕೊಳ್ತಿತ್ತಲ್ಲ. ಅದಕ್ಕೆ ಕೂತೆ."

"ನಿಂಗೆ ಈ ಊರಲ್ಲಿ ಇನ್ನು ನೀರಿಲ್ಲ" ಎಂದಳು ಅಜ್ಜಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕಟ್ಟಳೆ ಹೇಳುವ ಕೆಲಸ ಅವಳದ್ದು, ಹೇಳಿದಳು.

ಉಪ್ಪಿನ ಮುದುಕ ಬಲೆಯವಳ ಮುಖವನ್ನು ಬಹಳ ಹೊತ್ತು ನೋಡಿದ. ಹೊಡೆಯುತ್ತಾನೆ ಎಂದೇ ಎಲ್ಲರೂ ಅಂದುಕೊಂಡರು. ಹೊಡೆದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಹೇಳಿದ, "ನನ್ನ ಮನೆಯಲ್ಲಿ ಉಂಟು ನೀರು."

ಮುದುಕ ತಾನಿಟ್ಟ ಕಲ್ಲನ್ನು ಬಿಟ್ಟು ಪಕ್ಕಕ್ಕೆ ಸರಿದ. ಅವಳು ಅದರ ಮುಂದೆ ಮಂಡಿಯೂರಿದಳು. ಹೇಳಬೇಕಾದ ಹೆಸರನ್ನು ಅವಳೇ ಇಟ್ಟದ್ದು. ಹೆತ್ತ ಹನ್ನೊಂದನೇ ದಿನ ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ಹೇಳಿದ್ದು. ಆಮೇಲೆ ಉಣ್ಣಲು ಕರೆದದ್ದು, ಬೈದದ್ದು, ಕತ್ತಲಾದರೂ ಮರಳಿನಲ್ಲಿ ಆಡುತ್ತಿದ್ದವಳನ್ನು ಕೂಗಿ ಕೂಗಿ ಒಳಗೆ ಎಳೆದದ್ದು ಎಲ್ಲ ಅದೇ ಹೆಸರಿನಿಂದ. ಕೆಳಗೆ ನೊರೆ ಬಂದು ಬಂದು ಹೋಯಿತು. ಊರು ಕಾಯಿತು.

"ಸೋಮಿ" ಎಂದಳು.

ಕಲ್ಲು ಕೂತಿತು.

ಅವಳು ಕಾದಳು. ಹಿಂದೆ ತಾನಿಟ್ಟ ಕಲ್ಲುಗಳೆಲ್ಲ ಮೊದಲು ಒಂದು ಗಳಿಗೆ ಕೂತು ಆಮೇಲೆ ಉರುಳಿದ್ದವು, ಅವಳಿಗೆ ಗೊತ್ತಿತ್ತು. ಗಳಿಗೆ ಕಳೆಯಿತು. ಇನ್ನೊಂದು ಕಳೆಯಿತು. ಅವಳು ಕಲ್ಲಿಗೆ ಅಂಗೈ ಹಚ್ಚಿ ಮೆಲ್ಲಗೆ ನೂಕಿದಳು.

"ಉರುಳು" ಎಂದಳು. "ನನ್ನ ಗುರುತು ಬೇಡ. ಎದುರು ಬಂದು ಯಾರೋ ಅಂತ ದಾಟಿ ಹೋಗ್ಲಿ. ಉರುಳು."

ಎರಡೂ ಕೈಯಿಂದ ನೂಕಿದಳು. ಭುಜ ಕೊಟ್ಟು ನೂಕಿದಳು. ನೆಲಕ್ಕೆ ಕೂತು ಎರಡೂ ಪಾದ ಒತ್ತಿ ನೂಕಿದಳು. ಗುಡ್ಡದ ಬೇರಿಗೇ ಬೆಸೆದ ಹಾಗೆ ಇತ್ತು ಕಲ್ಲು. ಜನರಲ್ಲಿ ಯಾರೋ ಅಳತೊಡಗಿದರು. ಅವಳನ್ನು ಎಬ್ಬಿಸಲು ಯಾರಿಗೂ ಧೈರ್ಯ ಬರಲಿಲ್ಲ.

ಕೊನೆಗೆ ದಾರಿಯಜ್ಜಿ ಬಂದು ಅವಳ ಪಕ್ಕದಲ್ಲಿ ಬಗ್ಗಿದಳು.

"ಕಲ್ಲಿನ ಮೇಲೆ ಹತ್ತು ಮಗಳೇ. ಹೋದವರ ಮನೆಯವರು ಹತ್ತದೆ ಊರು ಹತ್ತುವ ಹಾಗಿಲ್ಲ. ಅಲ್ಲಿ ಹೊಗೆ ಇಲ್ಲ."

ಬಲೆಯವಳು ಎದ್ದಳು. ಒಂದು ಕಾಲು ಇಟ್ಟಳು, ಇನ್ನೊಂದು ಕಾಲು ಇಟ್ಟಳು. ಇಷ್ಟಗಲ ಕಲ್ಲು, ಅದರಾಚೆ ಏನೂ ಇಲ್ಲ, ಕೆಳಗೆ ಕಡಲು. ಅವಳ ಇಡೀ ಭಾರವನ್ನು ಅದು ಹೊತ್ತು ನಿಂತಿತು. ಅವಳು ಅದರ ಮೇಲೆ ನಿಂತೂ ಇನ್ನೊಂದು ಗಳಿಗೆ ಅದು ಜಾರಲೆಂದು ಕಾದಳು.

ಆಮೇಲೆ ಹಿಂದಕ್ಕೆ ಕೈ ಚಾಚಿದಳು.

"ಇನ್ನೊಂದು ಕಲ್ಲು ಕೊಡಿ" ಎಂದಳು. "ಬೇಗ ಕೊಡಿ. ಆ ಮಗುವಿಗೆ ಹಸಿವಾಗಿದೆ."